ಅಮ್ಮನವರಿಗೊಂದು ಬೆಳ್ಳಿಯ ಎಡಗಿವಿ

ನಮ್ಮ ಭಜನೆಯ ಬಳಗದವರಿಗೂ ಅಮ್ಮನವರನ್ನು ನಂಬಿ ಬಾಳುವ ಉಳಿದೆಲ್ಲರಿಗೂ ಫೆಲ್ಥಮ್‌ನ ಲಲಿತೆಯ ನಮಸ್ಕಾರ.

1997ರ ಮಾರ್ಚ್ ತಿಂಗಳಲ್ಲಿ ನಮ್ಮ ಯಜಮಾನರ ಎಡಗಿವಿಯ ತಮಟೆ ತೂತಾಯಿತು. ಅದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆ ತೂತು ಕಿವಿಯನ್ನು ಇಟ್ಟುಕೊಂಡೇ ಅವರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ತಣ್ಣೀರಿನ ಒಂದು ಹಳೆಯ ಕಲ್ಲುಕ್ವಾರಿಯ ತಳಕ್ಕೆ ಇಳಿದರು. ಹಾಗೆ ಇಳಿದವರು ಜೀವಂತ ಮೇಲೆ ಬಂದದ್ದು ಹೇಗೆ ಎಂಬುದನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಬರೆಯಲು ಹೆದರಿಕೆಯೂ ಇತ್ತು. ಯಾಕೆಂದರೆ ಇದೇ ಕಿವಿಯ ಬಗ್ಗೆ ಒಮ್ಮೆ ನಾನು ನಿಮ್ಮೆಲ್ಲರ ಎದುರು ಮೈಕ್ ಹಿಡಿದು ಒಂದು ಪವಾಡ ಹೇಳಿದ್ದೆ. ಅದು ತಪ್ಪು ಪವಾಡವಾಗಿತ್ತು. ಪಾಯಸ ತಿಂದವರು ಕ್ಷಮಿಸಬೇಕು.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಹುಟ್ಟು ಚಿಂತೆಗಾರ್ತಿ. ವಿಮಾನ ಇಳಿಯುವಾಗ ಚಕ್ರ ಬಿಚ್ಚಿದೆಯೋ ಇಲ್ಲವೋ ಎಂದು ಕಿಟಕಿಗೆ ಓಡಿ ನೋಡುವ ಅಭ್ಯಾಸ ನನ್ನದು. ಲಂಡನ್ನಿನ ವಿಮಾನ ನಿಲ್ದಾಣಕ್ಕೆ ತಾಗಿದ ಫೆಲ್ಥಮ್‌ನಲ್ಲಿ ಮನೆ ಮಾಡಿಕೊಂಡು ಇಂಥ ಅಭ್ಯಾಸ ಇಟ್ಟುಕೊಂಡರೆ ಅಡುಗೆ ಆಗುವುದು ಯಾವಾಗ? ಮಗಳು ಅನಿತಾ ಅಕ್ಸ್‌ಬ್ರಿಡ್ಜ್‌ಗೆ ಕಾಲೇಜಿಗೆ ಹೋಗಿ ಬರುವುದು ಸ್ವಲ್ಪ ತಡವಾದರೆ, ಅವಳು ಬಸ್ಸಿನಿಂದ ಇಳಿಯುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಪೊಲೀಸ್ ಸ್ಟೇಷನ್, ಆಸ್ಪತ್ರೆ ಎಲ್ಲ ಸುತ್ತಿ ಬಂದಾಗಿರುತ್ತದೆ.

ಇಂಥವಳ ಗಂಡ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ನೀರಿನಡಿ ಮುಳುಗುವುದನ್ನು ಕಲಿಯಲು ಹೊರಟರು.

ಇವರ ಹೆಸರು ಸುಬ್ರಾಯ. ಕುಂದಾಪುರದ ಕಡೆಯವರು. ಕಡಲ ಸದ್ದಿನಲ್ಲೇ ಹುಟ್ಟಿದರೂ ಮೊಣಕಾಲಿನಿಂದ ಮೇಲೆ ಎಂದೂ ಕಡಲಿಗೆ ಇಳಿದವರಲ್ಲ. ಮನೆಯಲ್ಲಿ ಬಿಡುತ್ತಿರಲಿಲ್ಲ. ಮೀಸೆ ಮೂಡುವ ಮೊದಲೇ ಬೊಂಬಾಯಿಯ ಹೋಟೆಲಿಗೆ ಲೋಟ ತೊಳೆಯಲು ಹೋದರು. ಅಲ್ಲಿಂದ ಲಂಡನ್ನಿನ ಹೋಟೆಲಿನ ಅಡುಗೆಮನೆ, ಕೊನೆಗೆ ವಿಮಾನ ನಿಲ್ದಾಣದ ಕಾರ್ಗೋ ಶೆಡ್ಡಿನಲ್ಲಿ ಸಾಮಾನಿನ ಗಾಡಿ ಓಡಿಸುವ ಕೆಲಸ. ಜೀವಮಾನವೆಲ್ಲ ಬೇರೆಯವರ ಸಾಮಾನು ಎತ್ತಿದವರು. ಅದೇ ಶೆಡ್ಡಿನ ಕೀತ್ ಎಂಬ ಇಂಗ್ಲಿಷಿನವನು ಕೆಲಸಗಾರರ ಡೈವಿಂಗ್ ಕ್ಲಬ್ಬಿನ ಮುಖ್ಯಸ್ಥ. ಅವನು ಒಂದು ಸೋಮವಾರ ಸಂಜೆ ಇವರನ್ನು ಈಜುಕೊಳಕ್ಕೆ ಕರೆದುಕೊಂಡು ಹೋದ. ಅಂದು ಇವರು ಬಾಗಿಲಲ್ಲಿ ಶೂ ಬಿಚ್ಚುತ್ತ ಏನೋ ಗುನುಗುತ್ತಿದ್ದರು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಆ ಮನುಷ್ಯನಿಗೆ ಗುನುಗಲು ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

"ಹ್ವಾಯ್, ನಿಮ್ಗೆಂತ ಮರ್ಲಾ?" ಎಂದೆ. "ಈ ಪ್ರಾಯದಲ್ಲಿ ರಬ್ಬರ್ ಅಂಗಿ ಹಾಯ್ಕಂಡ್ ಮುಳುಗೂಕೆ?"

"ನೀ ಎಂತಕ್ಕೆ ಹೆದರ್ತೆ ಮಾರಾಯ್ತಿ? ಕೆಳ್ಗ್ ಹೋಪುದ್, ಮೇಲ್ ಬಪ್ಪುದ್. ನಿನ್ನ ವಿಮಾನ ಮಾಡೂದೂ ಅದನ್ನೇ ಅಲ್ದಾ?"

ಆ ಉತ್ತರ ನನಗೆ ಸಮಾಧಾನ ತರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಆದರೂ ಆ ಗುನುಗು ಕೇಳಿದ ಮೇಲೆ ಬೇಡ ಎನ್ನಲು ಬಾಯಿ ಬರಲಿಲ್ಲ.

ನೀರಿನಲ್ಲಿ ಕೆಳಗಿಳಿದಂತೆ ಕಿವಿ ಒತ್ತುತ್ತದಂತೆ. ಆಗ ಮೂಗು ಹಿಡಿದುಕೊಂಡು ಒಳಗಿನಿಂದ ಮೆಲ್ಲಗೆ ಉಸಿರು ಒತ್ತಬೇಕು. ಕಿವಿ ಬಿಟ್ಟುಕೊಳ್ಳುತ್ತದೆ. ನೆಗಡಿ ಆದಾಗ ಮಾತ್ರ ನೀರಿಗೆ ಇಳಿಯಲೇಬಾರದು. ಇದೆಲ್ಲ ಕೀತ್ ಹೇಳಿಕೊಟ್ಟ ಪಾಠ. ಮಾರ್ಚ್ ತಿಂಗಳ ಒಂದು ಸೋಮವಾರ ಇವರಿಗೆ ನೆಗಡಿ. ಕೀತ್‌ಗೆ ಹೇಳಿದರೆ ಎಲ್ಲಿ ದಂಡೆಯಲ್ಲಿ ಕೂರಿಸುತ್ತಾನೋ ಎಂದು ಮೂಗು ಸೀನಿ, ಸುಮ್ಮನೆ ಇಳಿದಿದ್ದಾರೆ. ಕಿವಿ ಬಿಟ್ಟುಕೊಳ್ಳದಿದ್ದಾಗ ಜೋರಾಗಿ ಒತ್ತಿದ್ದಾರೆ. ಮನೆಗೆ ಬರುವಾಗ ಗುನುಗು ಇರಲಿಲ್ಲ. ಎಡಗೈ ಕಿವಿಯ ಮೇಲಿತ್ತು.

ನೋವು ದಿನದಿಂದ ದಿನಕ್ಕೆ ಏರಿತು. ಗುರುವಾರ ಬೆಳಗಿನ ಹೊತ್ತಿಗೆ ದವಡೆ ಅಲುಗಾಡಿಸಲು ಆಗುತ್ತಿರಲಿಲ್ಲ. ಜಿಪಿಗೆ, ಅಂದರೆ ನಮ್ಮ ಬಡಾವಣೆಯ ಡಾಕ್ಟರಿಗೆ, ಫೋನ್ ಮಾಡಿದರೆ ಮುಂದಿನ ವಾರಕ್ಕೆ ಅಪಾಯಿಂಟ್‌ಮೆಂಟ್ ಕೊಟ್ಟರು. ನಾನು ದೇವರ ಗೂಡಿನ ಮುಂದೆ ಕೂತು, "ಅಮ್ಮಾ, ಇವರ ನೋವೊಂದು ತೆಗಿ, ಬೇರೆ ಏನೂ ಕೇಳುವುದಿಲ್ಲ" ಎಂದು ಅತ್ತೆ. ಶುಕ್ರವಾರ ಬೆಳಗ್ಗೆ ಎದ್ದರೆ ಇವರು ಅಡುಗೆಮನೆಯಲ್ಲಿ ನಿಂತು ಅವಲಕ್ಕಿ ತಿನ್ನುತ್ತಿದ್ದಾರೆ! "ನೋವೇ ಇಲ್ಲ ಕಾಣ್. ಒಂದು ಸಲ ಪಟ್ ಅಂತು, ಹೋಯ್ತು."

ದಿಂಬಿನ ಮೇಲೆ ಅಂಗೈಯಗಲ ಹಳದಿ ಕಲೆ, ನಡುವೆ ಒಂದು ಚೂರು ರಕ್ತ. ಕೆಟ್ಟದ್ದೆಲ್ಲ ಹರಿದುಹೋಯಿತು ಎಂದುಕೊಂಡು ದಿಂಬಿನ ಚೀಲವನ್ನು ಸೋಪು ಹಾಕಿ ತಿಕ್ಕಿ ತೊಳೆದೆ. ಜಿಪಿಗೆ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ಬೇಡ ಎಂದೆ. ಅದೇ ಸಂಜೆ ಸೌತ್‌ಹಾಲ್‌ನ ನಮ್ಮ ಭಜನೆಗೆ ಹೆಸರುಬೇಳೆ ಪಾಯಸ ಮಾಡಿಕೊಂಡು ಬಂದೆ. ಭಜನೆ ನಡೆಸುವ ಮೈಸೂರಿನ ಪದ್ಮಕ್ಕ, "ನೋಡಿದ್ಯೇನೇ ಲಲಿತಾ, ನಂಬಿಕೆ ಅಂದ್ರೆ ಇದು. ಬಾ, ಎಲ್ರಿಗೂ ಹೇಳು" ಎಂದು ಮೈಕ್ ಕೈಗಿಟ್ಟರು. ನಾನೂ ಹೇಳಿದೆ. ಕೆಲವರು ಕಣ್ಣೊರೆಸಿಕೊಂಡರು. ಕೀವು ತುಂಬಿದ ಕಿವಿಯ ತಮಟೆ ಒಡೆದಾಗ ನೋವು ಹಾಗೆಯೇ ಥಟ್ಟನೆ ನಿಲ್ಲುತ್ತದೆ ಎಂಬುದನ್ನು ನಮಗೆ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಆ ಭಾನುವಾರವೇ ಕ್ಲಬ್ಬಿನವರು ಲಂಡನ್ನಿನ ಉತ್ತರಕ್ಕೆ ದೂರದ ಒಂದು ಕಲ್ಲುಕ್ವಾರಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಕಲ್ಲು ತೆಗೆಯುವುದನ್ನು ನಿಲ್ಲಿಸಿದ ಮೇಲೆ ನೀರು ತುಂಬಿಕೊಂಡ ಹೊಂಡ. ಈಜುಕೊಳದ ಹೊರಗೆ ಇವರ ಮೊದಲ ಮುಳುಗು.

ಶನಿವಾರ ನಮ್ಮ ಮನೆಯಲ್ಲಿ ಗಂಡಸರ ಎಣ್ಣೆಸ್ನಾನದ ದಿನ. ಲಂಡನ್ನಿಗೆ ಬಂದ ಮೇಲೂ ಬಿಟ್ಟಿಲ್ಲ. ಬಾತ್‌ಟಬ್ಬಿಗೆ ಸ್ಟೂಲ್ ಹಾಕಿ ಕೂರಿಸಿ, ತಲೆಗೆ ಮೈಗೆ ಎಣ್ಣೆ ತಿಕ್ಕಿ, ಕೊನೆಗೆ ಎರಡೂ ಕಿವಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ ಬಿಡುವುದು. ಊರಲ್ಲಿ ನನ್ನ ಅತ್ತೆ ಇವರಿಗೆ ಹಾಗೆಯೇ ಬಿಡುತ್ತಿದ್ದರು, ನಾನೂ ಬಿಟ್ಟೆ. ನೋವು ಬಂದು ಹೋದ ಕಿವಿಯೆಂದು ಎಡಕ್ಕೆ ಒಂದು ಚಮಚ ಹೆಚ್ಚೇ ಬಿಟ್ಟೆ.

ಇವರು ಮುಖ ಕಿವುಚಿದರು. "ಥೋ! ಎಂತ ಇದ್? ಗಂಟ್ಲಲ್ಲಿ ಬೆಳ್ಳುಳ್ಳಿ ಬಂತಲೆ."

"ಮೂಗಿಗೆ ವಾಸನೆ ಹೊಡ್ದದ್ದ್ ಆಯ್ಕ್."

"ವಾಸನೆ ಅಲ್ಲ ಮಾರಾಯ್ತಿ, ರುಚಿ. ಕಿವಿಗೆ ಹೊಯ್ದದ್ದ್ ನೀನು, ತಿಂದದ್ದ್ ನಾನ್!"

ಇಬ್ಬರೂ ನಕ್ಕೆವು. ಬಚ್ಚಲಿನ ಬಾಗಿಲ ಹೊರಗಿನಿಂದ ಅನಿತಾ, "ಯು ಟೂ ಆರ್ ಸೋ ವಿಯರ್ಡ್" ಎಂದಳು. ಕಿವಿಗೆ ಬಿಟ್ಟದ್ದು ಗಂಟಲಿಗೆ ಬರಬೇಕಾದರೆ ನಡುವಿನ ಬಾಗಿಲು ತೆರೆದಿರಬೇಕು ಎಂಬ ಸಾಮಾನ್ಯ ಜ್ಞಾನ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಭಾನುವಾರ ಬೆಳಗ್ಗೆ ಎಲ್ಲರಿಗಿಂತ ಮೊದಲೇ ಎದ್ದು ದೇವರ ಗೂಡಿನ ಮುಂದೆ ಕೂತೆ. ಬೇಡ ಎಂದು ಇವರಿಗೆ ಹೇಳುವ ಧೈರ್ಯವಿಲ್ಲ, ದೇವರಿಗೆ ಹೇಳುವ ಧೈರ್ಯ ಬೇಕಾದಷ್ಟಿದೆ. "ಅಮ್ಮಾ, ಇವರು ಹೋಗದ ಹಾಗೆ ಮಾಡು. ಕೀತನ ವ್ಯಾನ್ ಕೆಡಲಿ" ಎಂದು ಕೈಮುಗಿದೆ. ಕೀತನ ವ್ಯಾನ್ ತುಕ್ಕು ಹಿಡಿದು ನಿಂತಲ್ಲೇ ನಡುಗುವಂಥದು. ಕೇಳಿದ್ದು ಅತಿಯಾಸೆಯೇನೂ ಆಗಿರಲಿಲ್ಲ. ವ್ಯಾನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಪಕ್ಕದ ಮನೆಯವರ ಹೊಸ ಕಾರು ಅವತ್ತು ಸ್ಟಾರ್ಟ್ ಆಗಲಿಲ್ಲ. ನನ್ನ ಪ್ರಾರ್ಥನೆ ಒಂದು ಗೇಟು ತಪ್ಪಿ ಬಿದ್ದಿತ್ತು.

ಮಧ್ಯಾಹ್ನ ಫೋನ್ ಬಂತು. ಕೀತ್. "ಲಲಿತಾ, ಅವನು ಉಸಿರಾಡ್ತಿದ್ದಾನೆ, ಮಾತಾಡ್ತಿದ್ದಾನೆ" ಎಂದೇ ಶುರು ಮಾಡಿದ. ಉಸಿರಾಡುತ್ತಿದ್ದಾನೆ ಎಂದು ಶುರುವಾಗುವ ಫೋನಿನಲ್ಲಿ ಒಳ್ಳೆಯ ಸುದ್ದಿ ಇರುವುದಿಲ್ಲ. ನೀರಿನಡಿ ತಲೆ ತಿರುಗಿತು, ವಾಂತಿಯಾಯಿತು, ಮೇಲೆ ತಂದೆವು, ಹತ್ತಿರದ ಆಸ್ಪತ್ರೆಯಲ್ಲಿದ್ದೇವೆ ಎಂದ. ಆಮೇಲೆ ತಡವರಿಸಿ ಕೇಳಿದ. "ಕಿವಿಯಿಂದ ಎಣ್ಣೆ ಬರ್ತಾ ಇದೆ. ಅದೇನು ಎಂದು ಡಾಕ್ಟರ್ ಕೇಳ್ತಿದ್ದಾರೆ."

ಭಾನುವಾರ ಫೆಲ್ಥಮ್‌ನಿಂದ ರೈಲಿಲ್ಲ, ಹಳಿ ರಿಪೇರಿ. ರೈಲಿನ ಬದಲು ಬಿಟ್ಟ ಬಸ್ಸು ಊರೆಲ್ಲ ಸುತ್ತಿತು. ಆಮೇಲೆ ನೆಲದಡಿಯ ಟ್ಯೂಬ್ ರೈಲು, ಆಮೇಲೆ ಉತ್ತರದ ರೈಲು. ಅನಿತಾ ನನ್ನ ಕೈ ಹಿಡಿದುಕೊಂಡೇ ಇದ್ದಳು. ಸಣ್ಣವಳಿದ್ದಾಗ ರಸ್ತೆ ದಾಟಿಸಲು ಹಿಡಿದದ್ದು ಬಿಟ್ಟರೆ ಅವಳು ನನ್ನ ಕೈ ಹಿಡಿದ ನೆನಪಿಲ್ಲ. ಕಿಟಕಿಯ ಹೊರಗೆ ಬೂದು ಬಣ್ಣದ ಹೊಲ, ಬೂದು ಬಣ್ಣದ ಆಕಾಶ. ಇಷ್ಟು ವರ್ಷ ನಾನು ಮಾಡಿದ ಚಿಂತೆಯೆಲ್ಲ ತಾಲೀಮು, ಇದು ಆಟ ಎನ್ನಿಸಿತು. ತಾಲೀಮು ಯಾವ ಕೆಲಸಕ್ಕೂ ಬರಲಿಲ್ಲ. ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು: ಒಂದು ಚಮಚ ಹೆಚ್ಚು ಬಿಟ್ಟದ್ದು ನಾನು.

ಇವರು ಹಾಸಿಗೆಯ ಅಂಚಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚಿ ಮಲಗಿದ್ದರು. ಕಣ್ಣು ತೆರೆದರೆ ಗೋಡೆ ತಿರುಗುತ್ತದೆ. ಮುಖ ಸುಣ್ಣದ ಬಣ್ಣ. ಕೀತ್ ಒದ್ದೆ ತಲೆಯಲ್ಲೇ ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಚಿಕ್ಕ ಪ್ರಾಯದ ಡಾಕ್ಟರಮ್ಮ ಕಿವಿಗೆ ದೀಪ ಹಿಡಿದು ನೋಡಿ, ತಮಟೆಯಲ್ಲಿ ತೂತಾಗಿದೆ, ಅದರಿಂದ ತಣ್ಣೀರು ಒಳಕಿವಿಯ ಹತ್ತಿರಕ್ಕೆ ಹೋಗಿ ತಲೆ ತಿರುಗಿದೆ, ಈಗ ಸೋಂಕೂ ಆದಂತಿದೆ ಎಂದರು.

"ಕಿವಿಗೆ ಏನಾದರೂ ಹಾಕಿದ್ದಿರಾ?"

"ತೆಂಗಿನೆಣ್ಣೆ" ಎಂದೆ. ಸುಳ್ಳು ಹೇಳಲು ಬರಲಿಲ್ಲ. "ಬೆಳ್ಳುಳ್ಳಿ ಹಾಕಿ ಕಾಯಿಸಿದ್ದು."

ಆಕೆ ಬರೆಯುತ್ತಿದ್ದ ಪೆನ್ನು ನಿಂತಿತು. "ಬೆಳ್ಳುಳ್ಳಿ?" ಎಂದು ಕೇಳಿ ನನ್ನ ಮುಖ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಇನ್ನು ಮುಂದೆ ಕಿವಿಗೆ ಏನನ್ನೂ ಹಾಕಬೇಡಿ" ಎಂದಷ್ಟೇ ಮೆಲ್ಲಗೆ ಹೇಳಿ ಹೋದರು.

ಮನೆಗೆ ಕರೆತಂದ ಮೇಲಿನ ವಾರಗಳನ್ನು ನೆನೆಯಲು ಈಗಲೂ ಇಷ್ಟವಿಲ್ಲ. ಇವರು ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದರು. ಎಡಗಡೆಯಿಂದ ಮಾತಾಡಿಸಿದರೆ ಕೇಳುತ್ತಿರಲಿಲ್ಲ. ತಲೆ ಸರಿಯಾಗುವವರೆಗೆ ಗಾಡಿ ಓಡಿಸುವ ಹಾಗಿಲ್ಲ ಎಂದು ಕೆಲಸದಿಂದ ಹೇಳಿಬಿಟ್ಟರು. ಸರಿಯಾಗದಿದ್ದರೆ? ಇವರು ದಿನವಿಡೀ ಸೋಫಾದ ಒಂದೇ ಮೂಲೆಯಲ್ಲಿ ಕೂತಿರುತ್ತಿದ್ದರು. ನಾನು ದೀಪ ಹಚ್ಚುವುದನ್ನು ಬಿಟ್ಟೆ. ಸಿಟ್ಟಿನಿಂದಲ್ಲ. ನಾಚಿಕೆಯಿಂದ. ನೋವು ತೆಗಿ ಎಂದು ಕೇಳಿದ್ದೆ, ತಮಟೆ ಒಡೆದು ನೋವು ಹೋಯಿತು. ವ್ಯಾನ್ ಕೆಡಲಿ ಎಂದು ಕೇಳಿದ್ದೆ, ಕಾರು ಕೆಟ್ಟಿತು. ಇನ್ನೊಂದು ಏನಾದರೂ ಕೇಳಿ ಇನ್ನೇನಾಗಿಬಿಟ್ಟೀತೋ!

ಪದ್ಮಕ್ಕ ಫೋನ್ ಮಾಡಿದರು. "ಭಜನೆಗೆ ಯಾಕಮ್ಮ ಬರ್ತಿಲ್ಲ?"

"ಯಾವ ಮುಖ ಇಟ್ಕೊಂಡು ಬರ್ಲಿ ಪದ್ಮಕ್ಕ? ಪಾಯಸ ಹಂಚಿದ ಮುಖ ಇದು."

"ಮುಖ ಯಾವ್ದಾದ್ರೇನೆ, ದೇವರು ನೋಡಿರೋದು ತಾನೇ" ಎಂದರು. ನಾನು ಫೋನ್ ಇಟ್ಟುಬಿಟ್ಟೆ.

ಏಪ್ರಿಲ್ ಕಳೆಯುತ್ತ ಬಂತು. ಒಂದು ಶನಿವಾರ ಬೆಳಗ್ಗೆ ಇವರು ಗೋಡೆ ಹಿಡಿಯದೆ ಅಡುಗೆಮನೆಗೆ ಬಂದು, ಹೆಗಲಿಗೆ ಟವೆಲ್ ಹಾಕಿಕೊಂಡು ಸ್ಟೂಲಿನ ಮೇಲೆ ಕೂತರು.

"ಎಣ್ಣೆ ತಿಕ್ಕ್."

"ನನ್ನ ಹತ್ರ ಎಣ್ಣೆ ಸುದ್ದಿ ಎತ್ಬೇಡಿ" ಎಂದವಳೇ ಗಳಗಳನೆ ಅತ್ತುಬಿಟ್ಟೆ. "ನಿಮ್ಮನ್ನ್ ಕೊಲ್ಲೂಕೆ ಹೊರಟದ್ದ್ ಆ ಎಣ್ಣೆಯೇ. ನನ್ನ ಕೈಯಲ್ಲೇ ಹೊಯ್ದೆ."

ಇವರು ಬಲಗಿವಿ ನನ್ನ ಕಡೆಗೆ ತಿರುಗಿಸಿಕೊಂಡು ಕೇಳಿದರು. ಆಮೇಲೆ, "ಕೂಕೊ, ಒಂದ್ ವಿಷಯ ಹೇಳ್ತೆ. ನೀ ಕೂಗ್ತೆ ಅಂದ್ಕಂಡ್ ಹೇಳ್ಲಿಲ್ಲ" ಎಂದು ಶುರು ಮಾಡಿದರು. ಕೂಗುವುದು ಎಂದರೆ ನಮ್ಮ ಕಡೆ ಅಳುವುದು. ಅಳುವುದು ಹೇಗೂ ಆಗುತ್ತಲೇ ಇತ್ತು.

ಅವರು ಹೇಳಿದ್ದು ಇಷ್ಟು. ಕ್ವಾರಿಯಲ್ಲಿ ತಳದಿಂದ ಮೇಲಿನವರೆಗೆ ಒಂದು ಹಗ್ಗ ಕಟ್ಟಿರುತ್ತಾರೆ. ಅದರ ಪಕ್ಕದಲ್ಲೇ ಇವರೂ ಕೀತೂ ಇಳಿದರು. ಅವತ್ತು ಎಡಗಿವಿ ಒಂದಿಷ್ಟೂ ಒತ್ತಲಿಲ್ಲ. ಕಿವಿ ಪಳಗಿತು ಎಂದು ಇವರಿಗೆ ಖುಷಿ. ತಳ ಕಾಣುವಷ್ಟರಲ್ಲಿ ಕಿವಿಯೊಳಗೆ ಐಸಿನ ಸೂಜಿ ಹೊಕ್ಕಂತಾಯಿತು. ಮರುಕ್ಷಣ ಇಡೀ ಹೊಂಡ ಗಿರ್ರನೆ ತಿರುಗತೊಡಗಿತು. ಯಾವುದು ಮೇಲು, ಯಾವುದು ಕೆಳಗು ಗೊತ್ತಿಲ್ಲ. ವಾಂತಿ ಒತ್ತಿ ಬಂತು. ಕೀತ್ ಎಲ್ಲೆಂದು ಕಾಣಲಿಲ್ಲ. ಬಾಯಿಯಲ್ಲಿದ್ದ ಉಸಿರಿನ ಕೊಳವೆ ಕಿತ್ತೆಸೆದು ಎತ್ತ ಬೇಕಾದರೂ ಸರಿ, ಒದೆದುಕೊಂಡು ಓಡಬೇಕು ಅನ್ನಿಸಿತು. ಕೈ ಕೊಳವೆಗೆ ಹೋಗಿತ್ತು.

"ಅಷ್ಟ್ ಹೊತ್ತಿಗೆ ಗಂಟ್ಲಲ್ಲಿ ಬೆಳ್ಳುಳ್ಳಿ ಬಂತ್."

ನಾನು ಅಳು ನಿಲ್ಲಿಸಿದೆ.

"ಹಿಂದಿನ ದಿನ ನೀ ಬಿಟ್ಟದ್ದ್. ಅದೇ ರುಚಿ. ಆಗ ಹೊಳೀತ್ ಕಾಣ್. ಕಿವಿಂದ ಗಂಟ್ಲಿಗೆ ದಾರಿ ಆಯ್ತ್, ತಮಟೆ ತೂತಾಯ್ತ್ ಅಂದ್ಕಂಡ್. ಕೀತ್ ಪಾಠದಲ್ಲಿ ಹೇಳಿದ್ದ, ತಮಟೆ ಒಡ್ದ್ ತಣ್ಣೀರ್ ಒಳ್ಗ್ ಹೋರೆ ತಲೆ ತಿರುಗತ್ತ್, ಎಂತಾದ್ರೂ ಹಿಡ್ಕಂಡ್ ನಿಲ್ಕ್, ಆ ನೀರ್ ಮೈಬಿಸಿಗೆ ಬಂದ್ರೆ ತಿರುಗುದ್ ನಿಲ್ಲತ್ತ್ ಅಂದ್ಕಂಡ್. ಅಂದ್ರೆ ತಿರುಗುದ್ ಹೊಂಡ ಅಲ್ಲ, ನನ್ನ ತಲೆ. ಕೊಳವೆಂದ ಕೈ ತೆಗ್ದೆ. ತಡಕಾಡಿ ಹಗ್ಗ ಹಿಡ್ದೆ. ಕಣ್ಣ್ ಮುಚ್ಚಿ ಬೆಳ್ಳುಳ್ಳಿ ನುಂಗ್ತಾ ಇದ್ದೆ. ನಿಂತ್ ಹೋಯ್ತ್. ಕಣ್ಣ್ ಬಿಟ್ರೆ ಕೀತ್ ನನ್ನ ಸಿಲಿಂಡರ್ ಪಟ್ಟಿ ಹಿಡ್ಕಂಡಿದ್ದ. ಮೆಲ್ಲ ಮೇಲ್ ಬಂದೆವು. ಮೇಲ್ ಬಂದ್ ಮೇಲೆ ಮತ್ತೆ ತಿರುಗೂಕೆ ಶುರು ಆಯ್ತ್."

"ಆ ರುಚಿ ಬಾರದೆ ಇದ್ದಿದ್ರೆ ಕೊಳವೆ ತೆಗಿತಿದ್ದೆ ಲಲ್ತಾ" ಎಂದರು.

ಭಕ್ತ ಬಂಧುಗಳೇ, ಇದನ್ನು ನೀವು ಏನೆನ್ನುತ್ತೀರೋ ನನಗೆ ತಿಳಿಯದು. ಕಿವಿಗೆ ಎಣ್ಣೆ ಬಿಡಿ ಎಂದು ನಾನು ಹೇಳುತ್ತಿದ್ದೇನೆ ಎಂದು ಮಾತ್ರ ದಯವಿಟ್ಟು ತಿಳಿಯಬೇಡಿ. ಆಮೇಲೆ ಕಿವಿಯ ದೊಡ್ಡ ಡಾಕ್ಟರು ನೋಡಿ, ತೂತಾದದ್ದು ನೆಗಡಿಯಲ್ಲಿ ಮುಳುಗಿದ ಆ ವಾರವೇ, ಎಣ್ಣೆಯಿಂದಲ್ಲ ಎಂದರು. ಆದರೆ ಸೋಂಕು ಹೆಚ್ಚಲು ಎಣ್ಣೆಯ ಪಾಲೂ ಇದ್ದೀತು ಎಂದೂ ಹೇಳಿದರು. ನನ್ನ ತಪ್ಪು ತಪ್ಪೇ. ಅಮ್ಮನವರು ಆ ತಪ್ಪನ್ನೇ ಎತ್ತಿಕೊಂಡು ಹಗ್ಗದ ಕಡೆಗೆ ಇವರ ಕೈ ತಿರುಗಿಸಿದರು. ನಾನು ಕೇಳಿದ್ದನ್ನು ಕೊಡಲಿಲ್ಲ. ವ್ಯಾನ್ ಕೆಡಿಸಲಿಲ್ಲ. ನಾನು ಕೇಳಲು ಗೊತ್ತಿಲ್ಲದ್ದನ್ನು ನನ್ನ ಕೈಯಿಂದಲೇ, ನನಗೆ ತಿಳಿಯದ ಹಾಗೆ, ಹಿಂದಿನ ದಿನವೇ ಕೊಡಿಸಿಟ್ಟಿದ್ದರು. ಅವತ್ತು ಸಂಜೆ ದೀಪ ಹಚ್ಚಿದೆ. ಏನನ್ನೂ ಕೇಳಲಿಲ್ಲ. ಒಂದು ಬೆಳ್ಳಿಯ ಕಿವಿ ಒಪ್ಪಿಸುತ್ತೇನೆ ಎಂದು ಹೇಳಿಕೊಂಡೆ. ಕಣ್ಣಿನ ಕಾಯಿಲೆಗೆ ಬೆಳ್ಳಿಯ ಕಣ್ಣು, ಕಾಲಿನದ್ದಕ್ಕೆ ಬೆಳ್ಳಿಯ ಕಾಲು ಒಪ್ಪಿಸುವುದು ನಮ್ಮೂರ ಕಡೆಯ ಹರಕೆ.

ಮರುವರ್ಷ ಆಪರೇಷನ್ ಆಯಿತು. ಕಿವಿಯ ಮೇಲ್ಗಡೆ ಚರ್ಮದಡಿಯಿಂದ ತೆಳ್ಳನೆಯ ಪದರ ತೆಗೆದು ತೂತಿಗೆ ತೇಪೆ ಹಾಕಿದರು. ತೇಪೆ ಹಿಡಿಯಿತು. ತಲೆ ತಿರುಗುವುದು ಅದಕ್ಕೂ ಮೊದಲೇ ನಿಂತು, ಕೆಲಸಕ್ಕೆ ಹೋಗತೊಡಗಿದ್ದರು. ಕೇಳುವುದು ಪೂರ್ತಿ ಬರಲಿಲ್ಲ, ಮುಕ್ಕಾಲು ಬಂತು. ನನ್ನ ಮಾತು ಕೇಳಲು ಅಷ್ಟು ಸಾಕಂತೆ. ಆದರೆ ಇನ್ನೆಂದೂ ಮುಳುಗಬಾರದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಇವರು ತಲೆಯಾಡಿಸಿ ಬಂದು, ರಬ್ಬರ್ ಅಂಗಿಯನ್ನು ಮಡಚಿ ಕೀತ್‌ಗೆ ಕೊಟ್ಟರು. ಸೋಮವಾರ ಸಂಜೆ ಈಗಲೂ ಈಜುಕೊಳಕ್ಕೆ ಹೋಗುತ್ತಾರೆ. ಮೇಲಿನ ಬೆಂಚಿನಲ್ಲಿ ಕೂತು, ಉಳಿದವರು ಬಿಡುವ ಗಾಳಿಗುಳ್ಳೆ ನೋಡಿಕೊಂಡು ಬರುತ್ತಾರೆ. ಗುನುಗುವುದಿಲ್ಲ. ಆ ಗುನುಗನ್ನು ತಿರುಗಿ ಕೊಡು ಎಂದು ಅಮ್ಮನವರಲ್ಲಿ ಕೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ.

ಬೆಳ್ಳಿಯ ಕಿವಿಗೆ ಸೌತ್‌ಹಾಲ್‌ನ ಬ್ರಾಡ್‌ವೇಯಲ್ಲಿ ಒಬ್ಬ ಸರ್ದಾರ್ಜಿಯ ಅಂಗಡಿಗೆ ಹೋದೆ.

"ಕಿವಿಗೆ ಓಲೆಯಾ ಬೆಹನ್‌ಜಿ?"

"ಓಲೆ ಅಲ್ಲ. ಕಿವಿ."

ಅವರು ತಮ್ಮ ಕಿವಿ ಮುಟ್ಟಿ ತೋರಿಸಿದರು. ನಾನು ಹೌದೆಂದೆ. ದೇವರಿಗೆ ಎಂದೆ. ಅವರು "ಎಡಗಿವಿಯೋ ಬಲಗಿವಿಯೋ?" ಎಂದಷ್ಟೇ ಕೇಳಿದರು. ಆ ಪ್ರಶ್ನೆಗೆ ನನ್ನ ಕಣ್ಣು ತುಂಬಿತು.

ಊರಿಗೆ ಹೋಗಿ ಅಮ್ಮನವರಿಗೆ ಒಪ್ಪಿಸುವಾಗ ಭಟ್ಟರು ಅದನ್ನು ತಟ್ಟೆಯಲ್ಲಿ ತಿರುಗಿಸಿ ನೋಡಿ, "ಒಂದೇಯಾ? ಜೋಡಿ ಮಾಡಿಸ್ಲಿಲ್ಯಾ?" ಎಂದರು.

ಇವರು ನನ್ನ ಪಕ್ಕದಲ್ಲಿ ಕೈಮುಗಿದು ನಿಂತಿದ್ದರು. ಬೆಳಗ್ಗೆಯಷ್ಟೇ ಕಡಲಿಗೆ ಹೋಗಿ, ಮೊಣಕಾಲಿನವರೆಗೆ ನೀರಿನಲ್ಲಿ ನಿಂತು, ತುಂಬ ಹೊತ್ತು ನೋಡಿ ಬಂದಿದ್ದರು. ಪಂಚೆಯ ಅಂಚು ಇನ್ನೂ ಒದ್ದೆಯಿತ್ತು.

"ಒಂದ್ ಸಾಕ್ ಭಟ್ರೆ" ಎಂದರು. "ಅಮ್ಮನವ್ರಿಗೆ ಎರಡ್ ಮೊದ್ಲೇ ಇತ್ತಲೆ. ಇವ್ಳ್ ಹೇಳೂದ್ ಕೇಂಬುಕೆ ಸಾಕಾತಿಲ್ಲ ಅಂದ್ಕಂಡ್ ಇದೊಂದ್ ತಂದದ್ದ್."

ಭಟ್ಟರು ನಕ್ಕು ಅದನ್ನು ಅಮ್ಮನವರ ಪಾದದ ಎಡಕ್ಕೆ ಇಟ್ಟರು. ನಾನು ಕಣ್ಣು ಮುಚ್ಚಿದೆ. ಇವರ ಗುನುಗನ್ನು ತಿರುಗಿ ಕೊಡು ಎಂಬ ಮಾತು ನಾಲಗೆಯ ತುದಿಯವರೆಗೆ ಬಂತು. ಅಷ್ಟರಲ್ಲಿ ಗಂಟಲಲ್ಲಿ, ನನ್ನ ಗಂಟಲಲ್ಲೇ, ಬೆಳ್ಳುಳ್ಳಿಯ ರುಚಿ ಬಂದಂತಾಯಿತು. ಬೆಳಗಿನ ಚಟ್ನಿಯದ್ದೇ ಇರಬೇಕು. ಆದರೂ ಬಾಯಿ ಮುಚ್ಚಿಕೊಂಡು, ಅಡ್ಡಬಿದ್ದು, ಎದ್ದು ಬಂದೆ.